24 ವಾರ ದಾಟಿದ ಬಸಿರು: ಕಾನೂನು ಎಲ್ಲಿಯವರೆಗೆ ಜೊತೆಗಿದೆ, ಆಮೇಲೆ ಎಲ್ಲಿಗೆ ಹೋಗಬೇಕು

ದೆಹಲಿ ಮೆಟ್ರೊದ ಹಳದಿ ಮಾರ್ಗದಲ್ಲಿ ಹೌಜ್ ಖಾಸ್‌ನಿಂದ ಉತ್ತರಕ್ಕೆ ಹೊರಟರೆ ಗ್ರೀನ್ ಪಾರ್ಕ್, ಅದರ ಮುಂದಿನ ನಿಲ್ದಾಣವೇ ಏಮ್ಸ್. ಏಮ್ಸ್ ಎದುರಿನ ರಸ್ತೆ ದಾಟಿದರೆ ಸಫ್ದರ್‌ಜಂಗ್ ಆಸ್ಪತ್ರೆ. ಐಐಟಿಯಲ್ಲಿ ಓದುವವರು, ಯೂಸುಫ್ ಸರಾಯ್, ಶಾಹ್‌ಪುರ್ ಜಾಟ್ ಕಡೆಯ ಪಿ.ಜಿ.ಗಳಲ್ಲಿದ್ದು ಕೆಲಸಕ್ಕೆ ಹೋಗುವವರು, ಕೇಂದ್ರ ಸರ್ಕಾರದ ನೌಕರಿಯ ಮೇಲೆ ಬಂದು ನೆಲೆಸಿದ ಸಂಸಾರಗಳು ಎಲ್ಲ ಸೇರಿ ಈ ಸುತ್ತಿನಲ್ಲಿ ಕನ್ನಡ ಮಾತಾಡುವವರು ಸಾಕಷ್ಟಿದ್ದಾರೆ. ತಡವಾದ ಗರ್ಭಪಾತದ ಬಗ್ಗೆ ಈಚಿನ ವರ್ಷಗಳಲ್ಲಿ ದೇಶ ಕಂಡ ದೊಡ್ಡ ಮೊಕದ್ದಮೆಗಳಲ್ಲಿ ಹಲವು ಇದೇ ಏಮ್ಸ್‌ನ ವೈದ್ಯಕೀಯ ಮಂಡಳಿಯ ವರದಿಯನ್ನು ನೆಚ್ಚಿಕೊಂಡು ತೀರ್ಮಾನವಾದವು. ಸುದ್ದಿಯಲ್ಲಿ ಅವನ್ನು ಓದಿದ ಎಷ್ಟೋ ಮಂದಿಗೆ ಉಳಿದುಕೊಂಡಿರುವುದು ಎರಡೇ ತಿಳಿವಳಿಕೆ: ಐದು ತಿಂಗಳಾದ ಮೇಲೆ ಯಾರೂ ಮುಟ್ಟುವುದಿಲ್ಲ, ಮದುವೆಯಾಗದವರಿಗಂತೂ ಇಲ್ಲವೇ ಇಲ್ಲ. ಎರಡೂ ತಪ್ಪು. ಈ ತಪ್ಪು ತಿಳಿವಳಿಕೆಯಿಂದ ಜನ ವಾರಗಟ್ಟಲೆ ಕೈಕಟ್ಟಿ ಕೂರುತ್ತಾರೆ. ಈ ವಿಷಯದಲ್ಲಿ ಒಂದು ವಾರವೆಂದರೆ ಬಹಳ.

ಮೊದಲು ಲೆಕ್ಕ

ಮನೆಯಲ್ಲಿ ಬಸಿರನ್ನು ತಿಂಗಳಲ್ಲಿ ಎಣಿಸುತ್ತೇವೆ. ‘ಐದು ತುಂಬಿ ಆರಕ್ಕೆ ಬಿತ್ತು’ ಎನ್ನುತ್ತಾರೆ ಅತ್ತೆ. ಕಾನೂನು ಮತ್ತು ಆಸ್ಪತ್ರೆ ಎಣಿಸುವುದು ವಾರದಲ್ಲಿ. ಅದೂ ಗರ್ಭ ನಿಂತ ದಿನದಿಂದಲ್ಲ, ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. ಹಾಗಾಗಿ ಗರ್ಭ ನಿಲ್ಲುವ ಹೊತ್ತಿಗೇ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ವಾರ ಸೇರಿರುತ್ತದೆ. 24 ವಾರ ಎಂದರೆ 168 ದಿನ, ಅಂದಾಜು ಐದೂವರೆ ತಿಂಗಳು. ‘ಆರಕ್ಕೆ ಬಿತ್ತು’ ಎನ್ನುವ ಹೊತ್ತಿಗೆ 22 ವಾರದ ಹತ್ತಿರ ಬಂದಿರುತ್ತೀರಿ. ಕೈಯಲ್ಲಿ ಉಳಿದಿರುವುದು ಹದಿನೈದು ದಿನವಷ್ಟೆ.

ಮುಟ್ಟಿನ ತಾರೀಖು ನೆನಪಿಲ್ಲದಿದ್ದರೆ ಸ್ಕ್ಯಾನಿಂಗ್‌ನ ಅಳತೆ ನೋಡುತ್ತಾರೆ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್‌ನ ಲೆಕ್ಕ ಹೆಚ್ಚು ಕರಾರುವಾಕ್ಕು, ತಡವಾದಷ್ಟೂ ಅಂದಾಜು ಹಿಂದೆಮುಂದೆ ಆಗುತ್ತದೆ. ಆದ್ದರಿಂದ ಮೊದಲ ಸ್ಕ್ಯಾನಿನ ವರದಿಯನ್ನು ಕಳೆಯಬೇಡಿ, ಫೋನಿನಲ್ಲಿ ಒಂದು ಫೋಟೊ ಇರಲಿ. ಮುಂದೆ ವಾರದ ಲೆಕ್ಕದ ಮೇಲೆ ಜಗಳ ಬಂದರೆ ಆ ಒಂದು ಹಾಳೆಗೆ ಬೆಲೆ ಬರುತ್ತದೆ.

11ರಿಂದ 14 ವಾರದೊಳಗೆ ಒಂದು ಸ್ಕ್ಯಾನ್ ಇರುತ್ತದೆ. ಮಗುವಿನ ಮಿದುಳು, ಬೆನ್ನುಹುರಿ, ಹೃದಯ, ಮೂತ್ರಪಿಂಡಗಳನ್ನು ಕೂಲಂಕಷವಾಗಿ ನೋಡುವ ‘ಅನಾಮಲಿ ಸ್ಕ್ಯಾನ್’ 18ರಿಂದ 20 ವಾರದ ಆಸುಪಾಸಿನಲ್ಲಿ ಬರುತ್ತದೆ. ಅದರಲ್ಲಿ ಅನುಮಾನ ಬಂದರೆ ಇನ್ನೊಬ್ಬ ತಜ್ಞರ ಸ್ಕ್ಯಾನ್, ಭ್ರೂಣದ ಹೃದಯದ ಎಕೊ, ಗರ್ಭಜಲದ ಪರೀಕ್ಷೆ ಎಂದು ಮತ್ತೆ ಎರಡು ಮೂರು ವಾರ ಹೋಗುತ್ತದೆ. ಮನೆಯಲ್ಲಿ ಸೀಮಂತಕ್ಕೆ ದಿನ ನೋಡುತ್ತಿರುವ ಹೊತ್ತಿಗೇ ಈ ಸುದ್ದಿ ಬರುತ್ತದೆ. ತಡವಾದ ಗರ್ಭಪಾತ ಕೇಳುವವರೆಲ್ಲ ಉದಾಸೀನ ಮಾಡಿ ಕೂತವರು ಎಂದುಕೊಳ್ಳುವವರು ಈ ಪಂಚಾಂಗವನ್ನೊಮ್ಮೆ ನೋಡಬೇಕು. ಕೆಲವು ಊನಗಳು 18ನೇ ವಾರಕ್ಕೆ ಮೊದಲು ಕಾಣುವುದೇ ಇಲ್ಲ, ಕೆಲವು ಏಳನೇ ತಿಂಗಳಿನ ತನಕ ಕಾಣುವುದಿಲ್ಲ.

20ರ ತನಕ, 24ರ ತನಕ

ನಮ್ಮಲ್ಲಿ ಗರ್ಭಪಾತ ಇಂದಿಗೂ ಮೂಲದಲ್ಲಿ ಅಪರಾಧವೇ. 1860ರ ಭಾರತೀಯ ದಂಡಸಂಹಿತೆಯ 312ನೇ ಕಲಮಿನಲ್ಲಿ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಾಗಿದೆ. ಅದಕ್ಕೆ ಕೊಟ್ಟ ವಿನಾಯಿತಿಯೇ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, ಎಲ್ಲರ ಬಾಯಲ್ಲಿ ಎಂಟಿಪಿ. ಶಾಂತಿಲಾಲ್ ಶಾ ಸಮಿತಿಯ ವರದಿಯನ್ನು ಆಧರಿಸಿ ಬಂದ ಈ ಕಾಯ್ದೆ 1972ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗರ್ಭಪಾತ ಹೆಂಗಸಿನ ಹಕ್ಕೆಂದು ಅಮೆರಿಕದ ಸುಪ್ರೀಂ ಕೋರ್ಟ್ ರೋ ಪ್ರಕರಣದಲ್ಲಿ ತೀರ್ಪು ಕೊಟ್ಟದ್ದು 1973ರಲ್ಲಿ, ಅದನ್ನು 2022ರಲ್ಲಿ ತಾನೇ ಅಳಿಸಿಯೂ ಹಾಕಿತು. ನಮ್ಮದು ಅದಕ್ಕೂ ಹಳೆಯದು, ಇನ್ನೂ ನಿಂತಿದೆ. ಆದರೆ ಇದು ಹೆಂಗಸಿಗೆ ಹಕ್ಕು ಕೊಡುವುದಕ್ಕಿಂತ ಹೆಚ್ಚಾಗಿ ವೈದ್ಯರಿಗೆ ರಕ್ಷಣೆ ಕೊಡುವ ಕಾಯ್ದೆ. ಮುಂದೆ ಬಂದ ಎಷ್ಟೋ ತೊಡಕುಗಳಿಗೆ ಇದೇ ಬೇರು.

2021ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 24ರಂದು ಜಾರಿಗೆ ಬಂತು. ಈಗ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಹೆಂಗಸಿನ ಜೀವಕ್ಕೆ ಅಪಾಯ, ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ಗಂಭೀರ ಹಾನಿ, ಮಗುವಿಗೆ ಗಂಭೀರ ಊನ, ಇವು ಕಾರಣಗಳು. ಗರ್ಭನಿರೋಧಕ ಕೈಕೊಟ್ಟಿದ್ದರೆ ಅದನ್ನೂ ಮಾನಸಿಕ ಹಾನಿಯೆಂದೇ ಗಣಿಸುತ್ತಾರೆ. ಮೊದಲು ಇಲ್ಲಿ ‘ವಿವಾಹಿತ ಮಹಿಳೆ, ಅವಳ ಗಂಡ’ ಎಂದಿದ್ದದ್ದು ಈಗ ‘ಮಹಿಳೆ, ಅವಳ ಸಂಗಾತಿ’ ಎಂದಾಗಿದೆ.

20ರಿಂದ 24 ವಾರದ ನಡುವೆ ಇಬ್ಬರು ವೈದ್ಯರು ಒಪ್ಪಬೇಕು, ನಿಯಮದಲ್ಲಿ ಹೇಳಿದ ವರ್ಗಗಳಲ್ಲಿ ಒಂದಕ್ಕೆ ನೀವು ಸೇರಬೇಕು. ಅತ್ಯಾಚಾರಕ್ಕೆ ಒಳಗಾದವರು, ಹದಿನೆಂಟು ತುಂಬದವರು, ಬಸಿರಿದ್ದಾಗಲೇ ಗಂಡ ತೀರಿಹೋದವರು ಅಥವಾ ವಿಚ್ಛೇದನವಾದವರು, ತೀವ್ರ ಅಂಗವೈಕಲ್ಯವಿರುವವರು, ಮಾನಸಿಕ ಅಸ್ವಸ್ಥತೆಯವರು, ಮಗುವಿನಲ್ಲಿ ಗಂಭೀರ ಊನ ಪತ್ತೆಯಾದವರು, ವಿಪತ್ತು ಅಥವಾ ತುರ್ತುಸ್ಥಿತಿಯಲ್ಲಿ ಸಿಕ್ಕಿಕೊಂಡವರು ಈ ಪಟ್ಟಿಯಲ್ಲಿದ್ದಾರೆ.

ಮದುವೆಯಾಗದವರ ಮಾತು ಈ ಪಟ್ಟಿಯಲ್ಲಿ ಇಲ್ಲ. ಮಣಿಪುರದಿಂದ ಬಂದು ದೆಹಲಿಯಲ್ಲಿದ್ದ 25 ವರ್ಷದ ಒಬ್ಬ ಹೆಣ್ಣುಮಗಳು 2022ರ ಜುಲೈನಲ್ಲಿ ಹೈಕೋರ್ಟಿನ ಬಾಗಿಲು ತಟ್ಟಿದ್ದು ಇದಕ್ಕೇ. ಸಂಗಾತಿ ಕೈಬಿಟ್ಟಿದ್ದ, ಬಸಿರು 22 ವಾರ ದಾಟಿತ್ತು. ಪಟ್ಟಿಯಲ್ಲಿ ಅವಿವಾಹಿತೆ ಇಲ್ಲವೆಂದು ಹೈಕೋರ್ಟ್ ಜುಲೈ 15ರಂದು ಒಲ್ಲೆನೆಂದಿತು. ಆರು ದಿನದ ಮೇಲೆ ಸುಪ್ರೀಂ ಕೋರ್ಟ್, ಏಮ್ಸ್ ಮಂಡಳಿ ಪರೀಕ್ಷಿಸಿ ಜೀವಕ್ಕೆ ಅಪಾಯವಿಲ್ಲವೆಂದರೆ ಗರ್ಭಪಾತ ಮಾಡಬಹುದೆಂದು ಮಧ್ಯಂತರ ಆದೇಶ ಕೊಟ್ಟಿತು. ಸೆಪ್ಟೆಂಬರ್ 29ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಎ.ಎಸ್. ಬೋಪಣ್ಣ, ಜೆ.ಬಿ. ಪಾರ್ದಿವಾಲಾ ಅವರ ಪೀಠ ಪೂರ್ಣ ತೀರ್ಪು ಕೊಟ್ಟಿತು. ಮದುವೆಯಾದವಳು, ಆಗದವಳು ಎಂಬ ಭೇದ ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ. ಬದುಕಿನ ಸ್ಥಿತಿ ಬದಲಾದ ಯಾವ ಹೆಂಗಸಿಗೂ 24 ವಾರದ ತನಕ ಅವಕಾಶವಿದೆ. ಈ ಕಾಯ್ದೆಯ ಮಟ್ಟಿಗೆ ಗಂಡ ಮಾಡಿದ ಬಲಾತ್ಕಾರವೂ ಅತ್ಯಾಚಾರವೇ. ಕೊಡಗಿನವರಾದ ಬೋಪಣ್ಣನವರ ಸಹಿ ಇರುವ ಈ ತೀರ್ಪನ್ನು ಪಿ.ಜಿ.ಯಲ್ಲಿರುವ ಹುಡುಗಿಯರು ಹೆಸರು ಸಮೇತ ನೆನಪಿಟ್ಟುಕೊಳ್ಳುವುದು ಒಳ್ಳೆಯದು: ಎಕ್ಸ್ ವಿರುದ್ಧ ಪ್ರಧಾನ ಕಾರ್ಯದರ್ಶಿ, ಆರೋಗ್ಯ ಇಲಾಖೆ, ದೆಹಲಿ ಸರ್ಕಾರ. ‘ಮದುವೆಯಾಗಿದೆಯಾ, ಗಂಡನನ್ನು ಕರೆದುಕೊಂಡು ಬನ್ನಿ’ ಎನ್ನುವ ಕೌಂಟರಿನ ಎದುರು ಇದನ್ನು ಹೇಳಬಹುದು.

ಗಂಡನ ಸಹಿ ಬೇಕಿಲ್ಲ, ಅಪ್ಪನದೂ ಬೇಕಿಲ್ಲ. ಹದಿನೆಂಟು ದಾಟಿದ, ಬುದ್ಧಿ ಸ್ತಿಮಿತದಲ್ಲಿರುವ ಹೆಂಗಸಿನ ಒಪ್ಪಿಗೆಯೊಂದೇ ಸಾಕು. ಹೆಂಡತಿ ತನ್ನನ್ನು ಕೇಳದೆ ಗರ್ಭ ತೆಗೆಸಿದಳೆಂದು ಪರಿಹಾರ ಕೇಳಿ ಹೋದ ಗಂಡನೊಬ್ಬನ ಮನವಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿದೆ. ಆದರೂ ಹಲವು ಆಸ್ಪತ್ರೆಗಳು ಕೇಳುತ್ತವೆ, ಮುಂದೆ ತಕರಾರು ಬಂದೀತೆಂಬ ಹೆದರಿಕೆಗೆ. ಸಹಿ ಹಾಕುವ ಒಪ್ಪಿಗೆ ಪತ್ರ ‘ನಮೂನೆ ಸಿ’. ಹಿಂದಿ, ಇಂಗ್ಲಿಷ್ ಸರಾಗವಿಲ್ಲದಿದ್ದರೆ ಓದಿ ಹೇಳುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅರ್ಥವಾಗದೆ ಸಹಿ ಹಾಕಬೇಡಿ. ನಿಮ್ಮ ಹೆಸರು ವಿವರ ಹೊರಗೆ ಬಿಟ್ಟರೆ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸ ಆಗಬಹುದು.

ಹದಿನೆಂಟರ ಒಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಂತೆ ವೈದ್ಯರು ಪೊಲೀಸರಿಗೆ ತಿಳಿಸಲೂ ಬೇಕು. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಗುರುತು ಹೇಳಬೇಕಿಲ್ಲವೆಂದು ಮೇಲಿನ 2022ರ ತೀರ್ಪೇ ಹೇಳಿದೆ.

24ರ ಆಚೆ

24 ವಾರ ದಾಟಿದ ಮೇಲೆ ಕಾಯ್ದೆ ತೆರೆದಿಟ್ಟ ಬಾಗಿಲು ಎರಡೇ. ಮೊದಲನೆಯದು, ಹೆಂಗಸಿನ ಜೀವ ಉಳಿಸಲು ತಕ್ಷಣ ಗರ್ಭ ತೆಗೆಯಲೇಬೇಕಾದ ಸ್ಥಿತಿ. ಇಲ್ಲಿ ವಾರದ ಮಿತಿಯಿಲ್ಲ, ಮಂಡಳಿ ಕೂರುವ ತನಕ ಕಾಯಬೇಕಿಲ್ಲ, ಒಬ್ಬ ನೋಂದಾಯಿತ ವೈದ್ಯರೇ ನಿರ್ಧರಿಸಬಹುದು. ರಕ್ತದೊತ್ತಡ ವಿಪರೀತಕ್ಕೆ ಹೋದಾಗ, ಸೋಂಕು ಏರಿದಾಗ, ರಕ್ತಸ್ರಾವ ನಿಲ್ಲದಾಗ ‘ಕೋರ್ಟಿಗೆ ಹೋಗಿ’ ಎಂದು ಯಾರಾದರೂ ಹೇಳಿದರೆ ಅವರಿಗೆ ಕಾನೂನು ತಿಳಿದಿಲ್ಲ ಎಂದೇ ಅರ್ಥ.

ಎರಡನೆಯದು, ಮಗುವಿನಲ್ಲಿ ಗಣನೀಯ ಊನವಿದೆಯೆಂದು ವೈದ್ಯಕೀಯ ಮಂಡಳಿ ಹೇಳುವುದು. ಮಂಡಳಿಯಲ್ಲಿ ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಸ್ಕ್ಯಾನಿಂಗ್ ತಜ್ಞರು ಇರಲೇಬೇಕು. ನೀವು ಅರ್ಜಿ ಕೊಟ್ಟ ಮೂರು ದಿನದೊಳಗೆ ಅದು ಅಭಿಪ್ರಾಯ ಕೊಡಬೇಕು, ಒಪ್ಪಿದರೆ ಐದು ದಿನದೊಳಗೆ ಗರ್ಭಪಾತವೂ ಆಗಬೇಕು. ಊನದ ಪ್ರಕರಣಕ್ಕೆ ಕೋರ್ಟಿನ ಆದೇಶ ಬೇಕಿಲ್ಲ, ಮಂಡಳಿ ಒಪ್ಪಿದರೆ ಮುಗಿಯಿತು. ದೆಹಲಿಯಲ್ಲಿ ಏಮ್ಸ್, ಸಫ್ದರ್‌ಜಂಗ್, ಲೋಕನಾಯಕ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ವಿಚಾರಿಸಬೇಕು. ಊರಿಗೆ ಮರಳುವವರು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ. ಅರ್ಜಿ ಬರಹದಲ್ಲಿ ಕೊಡಿ, ಸ್ವೀಕೃತಿಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ಮೂರು ದಿನದ ಗಡಿಯಾರ ಓಡತೊಡಗುವುದು ಆ ತಾರೀಖಿನಿಂದ. ಬಾಯಿಮಾತಿನ ‘ಆಗಲ್ಲಮ್ಮ’ ಯಾವ ಕಡತದಲ್ಲೂ ಇರುವುದಿಲ್ಲ.

ಇಷ್ಟು ತಡವಾದ ಗರ್ಭಪಾತ ಹೇಗೆ ನಡೆಯುತ್ತದೆ ಎಂಬುದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ. ಮಾತ್ರೆಗಳಿಂದ ಹೆರಿಗೆ ನೋವು ಬರಿಸುತ್ತಾರೆ. ಹೊರಗೆ ಬಂದರೆ ಉಳಿಯಬಹುದಾದಷ್ಟು ಮಗು ಬೆಳೆದಿದ್ದರೆ, ಅದಕ್ಕೆ ಮೊದಲು ಭ್ರೂಣದ ಹೃದಯ ನಿಲ್ಲಿಸುವ ಚುಚ್ಚುಮದ್ದು ಕೊಡುವ ಪ್ರಶ್ನೆ ಬರುತ್ತದೆ. ಕೊಡದಿದ್ದರೆ ಅದು ದಿನ ತುಂಬದ ಹೆರಿಗೆಯೇ ಆಗುತ್ತದೆ, ಮಗು ತೀವ್ರ ನಿಗಾ ಘಟಕಕ್ಕೆ ಹೋಗುತ್ತದೆ. ಕೋರ್ಟುಗಳು ತಡವರಿಸುವುದು ಈ ಚುಚ್ಚುಮದ್ದಿನ ಎದುರಿಗೇ. ಔಷಧದಂಗಡಿಯಲ್ಲಿ ಮಾತ್ರೆ ತಂದು ಈ ಹಂತದಲ್ಲಿ ಮನೆಯಲ್ಲೇ ನುಂಗುವವರಿದ್ದಾರೆ. ಗರ್ಭಕೋಶ ಹರಿದು, ರಕ್ತ ಹೋಗಿ ಜೀವಕ್ಕೇ ಬರಬಹುದು. ಆ ಮಾತ್ರೆ ಒಂಬತ್ತು ವಾರದ ಒಳಗಿನದು, ಅದೂ ವೈದ್ಯರ ಚೀಟಿಯ ಮೇಲೆ.

ಒಂದೇ ವಾರದಲ್ಲಿ ಮೂರು ಮಾತು

2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ವಾದದ ಎಲ್ಲ ಎಳೆಗಳೂ ಅದರಲ್ಲಿವೆ. 27 ವರ್ಷದ ವಿವಾಹಿತೆ, ಎರಡು ಮಕ್ಕಳ ತಾಯಿ. ಎರಡನೆಯದು ಇನ್ನೂ ಎಳೆಗೂಸು, ಹಾಲು ಕುಡಿಸುತ್ತಿದ್ದರಿಂದ ಮುಟ್ಟು ನಿಂತಿತ್ತು, ಹಾಗಾಗಿ ಮತ್ತೆ ಬಸಿರಾದದ್ದು ತಿಳಿಯಲೇ ಇಲ್ಲ. ಬಾಣಂತನದ ನಂತರದ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಇನ್ನೊಂದು ಮಗುವನ್ನು ಸಾಕುವ ಶಕ್ತಿ ಮನಸ್ಸಿಗೂ ಇಲ್ಲ, ಮನೆಗೂ ಇಲ್ಲ ಎಂದರು. ಅಕ್ಟೋಬರ್ 9ರಂದು ನ್ಯಾಯಮೂರ್ತಿಗಳಾದ ಹಿಮಾ ಕೊಹ್ಲಿ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಒಪ್ಪಿತು, ಏಮ್ಸ್‌ನಲ್ಲಿ ಗರ್ಭಪಾತವಾಗಲಿ ಎಂದಿತು.

ಮರುದಿನ ಏಮ್ಸ್ ಮಂಡಳಿಯ ವೈದ್ಯರೊಬ್ಬರ ಇಮೇಲ್ ಸರ್ಕಾರದ ವಕೀಲರ ಕೈಗೆ ಬಂತು. ಭ್ರೂಣ ಬದುಕುವ ಲಕ್ಷಣವಿದೆ, ಹೃದಯ ನಿಲ್ಲಿಸಬೇಕೇ ಎಂಬುದು ಸ್ಪಷ್ಟವಾಗಬೇಕು ಎಂಬುದು ಅದರ ಸಾರ. 11ರಂದು ಅದೇ ಪೀಠ ಎರಡಾಗಿ ಒಡೆಯಿತು. ಕೊಹ್ಲಿಯವರು ತಮ್ಮ ಅಂತರಾತ್ಮ ಒಪ್ಪುವುದಿಲ್ಲವೆಂದರು. ಕರ್ನಾಟಕದ ನಾಗರತ್ನ ಅವರು ಹೆಂಗಸಿನ ತೀರ್ಮಾನವನ್ನೇ ಗೌರವಿಸಬೇಕು, ಮೊದಲ ಆದೇಶ ನಿಲ್ಲಲಿ ಎಂದರು. 16ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್, ಪಾರ್ದಿವಾಲಾ, ಮನೋಜ್ ಮಿಶ್ರಾ ಅವರ ಪೀಠ ಅನುಮತಿ ನಿರಾಕರಿಸಿತು. ಬಸಿರು 26 ವಾರ 5 ದಿನ, ಭ್ರೂಣದಲ್ಲಿ ಊನವಿಲ್ಲ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ. ಕಾಯ್ದೆಯ ಯಾವ ಬಾಗಿಲಿನಿಂದಲೂ ಇದು ಒಳಗೆ ಬರುವುದಿಲ್ಲ. ಏಮ್ಸ್‌ನಲ್ಲೇ ಹೆರಿಗೆ, ಖರ್ಚು ಸರ್ಕಾರದ್ದು, ದತ್ತು ಕೊಡುವ ಇಚ್ಛೆಯಿದ್ದರೆ ಅದಕ್ಕೂ ದಾರಿಯಿದೆ ಎಂದು ಹೇಳಿತು.

ದೆಹಲಿ ಹೈಕೋರ್ಟಿನಲ್ಲೂ ಹೀಗೆ ಮಗುಚಿದ ಪ್ರಕರಣವಿದೆ. 2023ರ ಅಕ್ಟೋಬರ್‌ನಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಯುವತಿಗೆ 29 ವಾರದಲ್ಲಿ, 2024ರ ಜನವರಿ 4ರಂದು, ಕೋರ್ಟು ಅನುಮತಿ ಕೊಟ್ಟಿತು. ಕೇಂದ್ರ ಸರ್ಕಾರ ಮತ್ತು ಏಮ್ಸ್ ಆಕ್ಷೇಪಿಸಿದವು, ಜನವರಿ 23ರಂದು ಆದೇಶ ಹಿಂದಕ್ಕೆ ಹೋಯಿತು. ಆ ಹೊತ್ತಿಗೆ ಬಸಿರು 32 ವಾರ. ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಸರಿ ತಪ್ಪು ಏನೇ ಇರಲಿ, ಗಂಡ ಸತ್ತ ದುಃಖದಲ್ಲಿರುವ ಹೆಂಗಸಿಗೆ ‘ಆಗಲಿ’ ಎಂದು ಹೇಳಿ ಹತ್ತೊಂಬತ್ತು ದಿನದ ಮೇಲೆ ‘ಬೇಡ’ ಎನ್ನುವುದು ಕ್ರೂರ. ಯಾವ ಉತ್ತರವಾದರೂ ಆಗಲಿ, ಒಂದೇ ಸಲ, ಬೇಗ ಕೊಡುವುದು ಕೋರ್ಟಿನ ಕರ್ತವ್ಯ.

ಇದಕ್ಕೆ ಎದುರಾಗಿ ಇಟ್ಟು ನೋಡಬೇಕಾದದ್ದು ಅದೇ ದೆಹಲಿ ಹೈಕೋರ್ಟಿನ 2022ರ ಡಿಸೆಂಬರ್ 6ರ ಆದೇಶ. 33 ವಾರದ ಬಸಿರು, ಭ್ರೂಣದ ಮಿದುಳಿನಲ್ಲಿ ಊನ. ಲೋಕನಾಯಕ್ ಆಸ್ಪತ್ರೆಯ ಮಂಡಳಿ ಒಪ್ಪಿರಲಿಲ್ಲ. ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಆ ಹೆಂಗಸಿನೊಡನೆ ತಾವೇ ಮಾತಾಡಿ, ಕೊನೆಯ ತೀರ್ಮಾನ ತಾಯಿಯದು ಎಂದು ಅನುಮತಿ ಕೊಟ್ಟರು.

33 ವಾರಕ್ಕೆ ಆಗುವುದಾದರೆ 26ಕ್ಕೆ ಏಕಿಲ್ಲ

ಸಾಮಾನ್ಯ ಓದುಗರನ್ನು ಗೊಂದಲಕ್ಕೆ ಕೆಡವುವುದು ಇದೇ. ಉತ್ತರ ಕಾಯ್ದೆಯ ಒಕ್ಕಣೆಯಲ್ಲಿದೆ. 24 ವಾರದ ತನಕ ಕಾನೂನು ಹೆಂಗಸಿನ ಪರಿಸ್ಥಿತಿಯನ್ನು ನೋಡುತ್ತದೆ. ಅದರಾಚೆಗೆ, ಜೀವಕ್ಕೆ ಅಪಾಯವೊಂದನ್ನು ಬಿಟ್ಟರೆ, ನೋಡುವುದು ಭ್ರೂಣವನ್ನು ಮಾತ್ರ. ಭ್ರೂಣದಲ್ಲಿ ಊನವಿದ್ದರೆ ಎಂಟನೇ ತಿಂಗಳಲ್ಲೂ ದಾರಿಯಿದೆ. ಭ್ರೂಣ ಆರೋಗ್ಯವಾಗಿದ್ದು, ಹೊತ್ತವಳು ಹದಿಮೂರು ವರ್ಷದ ಅತ್ಯಾಚಾರ ಸಂತ್ರಸ್ತೆಯಾದರೆ ಅವಳು ಕೋರ್ಟಿಗೇ ಹೋಗಬೇಕು. 2017ರಲ್ಲಿ ಚಂಡೀಗಢದ ಹತ್ತು ವರ್ಷದ ಹುಡುಗಿಗೆ 32 ವಾರದಲ್ಲಿ ಸುಪ್ರೀಂ ಕೋರ್ಟ್ ಅನುಮತಿ ನಿರಾಕರಿಸಿತು, ಆ ಕೂಸು ಸಿಸೇರಿಯನ್ ಆಗಿ ಇನ್ನೊಂದು ಕೂಸನ್ನು ಹೆತ್ತಿತು.

ಈ ತರ್ಕ ನನಗೆ ಒಪ್ಪಿಗೆಯಿಲ್ಲ, ಎರಡು ಕಡೆಯಿಂದಲೂ ಇಲ್ಲ. ಅಂಗವಿಕಲರ ಹಕ್ಕಿಗಾಗಿ ದುಡಿಯುವವರು ಕೇಳುವ ಪ್ರಶ್ನೆ ನ್ಯಾಯವಾದದ್ದು: ಬದುಕಬಲ್ಲ ಭ್ರೂಣಕ್ಕೆ ಬೆಲೆಯಿದೆ ಎನ್ನುವುದಾದರೆ ಊನವಿರುವ ಭ್ರೂಣದ ಬೆಲೆ ಹೇಗೆ ಕಡಿಮೆಯಾಯಿತು? ಇನ್ನೊಂದು ಕಡೆ, ಬಸಿರು ಹೊತ್ತವಳ ಮನಸ್ಸಿನ ಸ್ಥಿತಿ 23ನೇ ವಾರದಲ್ಲಿ ಲೆಕ್ಕಕ್ಕಿದ್ದು 25ನೇ ವಾರದಲ್ಲಿ ಹೇಗೆ ಇಲ್ಲವಾಯಿತು? 2024ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ 14 ವರ್ಷದ ಹುಡುಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಿತು. ಮಂಡಳಿ ಭ್ರೂಣದ ಊನ ಇದೆಯೋ ಇಲ್ಲವೋ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ, ಬಸುರಿಯ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆಯೂ ಅಭಿಪ್ರಾಯ ಕೊಡಬೇಕು ಎಂದಿತು. ಆ ಹುಡುಗಿಗೆ ಮೊದಲು ಅನುಮತಿ ಸಿಕ್ಕಿತ್ತು, ತಂದೆತಾಯಿ ಅವಳ ಜೀವಕ್ಕೆ ಹೆದರಿ ಮನಸ್ಸು ಬದಲಿಸಿದ್ದರಿಂದ ಆದೇಶ ಹಿಂದಕ್ಕೆ ಪಡೆದರು. ಆದರೆ ಮಂಡಳಿಗಳಿಗೆ ಹೇಳಿದ ಮಾತು ಉಳಿದಿದೆ, ಅದನ್ನು ವಕೀಲರು ಬಳಸಬಹುದು.

ಬದುಕುವ ಸಾಮರ್ಥ್ಯವನ್ನು ಗೆರೆಯಾಗಿ ಇಟ್ಟುಕೊಳ್ಳುವುದರಲ್ಲೂ ತೊಡಕಿದೆ. 25 ವಾರಕ್ಕೆ ಹುಟ್ಟಿದ ಮಗು ದೊಡ್ಡ ಊರಿನ ಒಳ್ಳೆಯ ನಿಗಾ ಘಟಕದಲ್ಲಿ ಉಳಿಯಬಹುದು, ತಾಲ್ಲೂಕು ಆಸ್ಪತ್ರೆಯಲ್ಲಿ ಉಳಿಯುವುದು ಕಷ್ಟ. ಗೆರೆ ಯಂತ್ರದ ಜೊತೆ ಸರಿಯುತ್ತದೆ. ಆದರೂ ಅದನ್ನು ಅಳಿಸಿಬಿಡಿ ಎಂದು ಹೇಳಲು ನನಗೆ ನಾಲಗೆ ಏಳುವುದಿಲ್ಲ. ಚುಚ್ಚುಮದ್ದಿನ ಸೂಜಿ ಹಿಡಿಯಬೇಕಾದ ವೈದ್ಯರ ಅಳುಕು ಸುಳ್ಳಲ್ಲ, ಇಮೇಲ್ ಬರೆದ ಏಮ್ಸ್ ವೈದ್ಯರ ಪ್ರಶ್ನೆಯೂ ಪ್ರಾಮಾಣಿಕವೇ. ಕೆನಡಾ 1988ರಿಂದ ಯಾವ ವಾರದ ಮಿತಿಯನ್ನೂ ದಂಡನೆಯ ಕಾನೂನಿನಲ್ಲಿ ಇಟ್ಟಿಲ್ಲ. ಬ್ರಿಟನ್ 24 ವಾರ ಇಟ್ಟು, ಗಂಭೀರ ಊನಕ್ಕೆ ನಮ್ಮ ಹಾಗೆ ಮಿತಿ ತೆಗೆದಿದೆ. ನನ್ನ ಮಟ್ಟಿಗೆ, 24ರ ಆಚೆಗೂ ಮಂಡಳಿ ಹೆಂಗಸಿನ ಕತೆಯನ್ನು ಕೇಳಬೇಕು, ಅತ್ಯಾಚಾರಕ್ಕೆ ಒಳಗಾದ ಮಕ್ಕಳನ್ನು ಕೋರ್ಟಿಗೆ ಅಲೆಸದೆ ಮಂಡಳಿಯಲ್ಲೇ ಮುಗಿಸಬೇಕು. ಇಷ್ಟಕ್ಕೆ ಕಾಯ್ದೆಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು.

ಹೆದರಿದ ವೈದ್ಯರು ಕಾನೂನಿನ ಹೆಸರಲ್ಲಿ ಕಾಯುತ್ತ ಕೂತರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಊರಿನ ಹೆಸರಿದೆ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ 2012ರ ಅಕ್ಟೋಬರ್ 28ರಂದು ನಂಜೇರಿ ತೀರಿಕೊಂಡರು. ಅವರದು 17 ವಾರದ ಬಸಿರು, ತಡವಾದದ್ದೇನಲ್ಲ. ಗರ್ಭ ಉಳಿಯುವುದಿಲ್ಲವೆಂದು ಗೊತ್ತಿತ್ತು, ತೆಗೆಯಿರೆಂದು ಕೇಳಿದ್ದರು. ಭ್ರೂಣದ ಎದೆಬಡಿತ ಇದೆಯೆಂದು ತೆಗೆಯಲಿಲ್ಲ. 2018ರ ಮೇ 25ರ ಜನಮತದಲ್ಲಿ ಐರ್ಲೆಂಡಿನಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ 66 ಮಂದಿ ಗರ್ಭಪಾತಕ್ಕಿದ್ದ ಸಂವಿಧಾನದ ನಿಷೇಧವನ್ನು ತೆಗೆದುಹಾಕಬೇಕೆಂದರು.

ಇನ್ನೊಂದು ಮುಖವೂ ನಮ್ಮದೇ. 2023ರ ನವೆಂಬರ್‌ನಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣೋ ಗಂಡೋ ಹೇಳುತ್ತಿದ್ದ ಜಾಲ ಹೊರಬಿತ್ತು, ನೂರಾರು ಹೆಣ್ಣು ಭ್ರೂಣಗಳನ್ನು ತೆಗೆಸಲಾಗಿದೆ ಎಂಬುದು ಪೊಲೀಸರ ಆರೋಪ. ವಾರದ ಮಿತಿ ಸಡಿಲಿಸಿದರೆ ಇಂಥವರಿಗೆ ಅನುಕೂಲವಾಗುತ್ತದೆಂದು ಹೆದರುವವರ ಮಾತನ್ನು ಹಗುರವಾಗಿ ತಳ್ಳಬಾರದು. ಆದರೆ ಆಲೆಮನೆಗೆ ಹೋದವರು ಯಾವ ಮಂಡಳಿಯ ಎದುರೂ ನಿಂತವರಲ್ಲ. ಲಿಂಗ ಪತ್ತೆ 1994ರ ಕಾಯ್ದೆಯಂತೆ ಅಪರಾಧ. ಮಗು ಹೆಣ್ಣೆಂಬ ಕಾರಣಕ್ಕೆ ಗರ್ಭ ತೆಗೆಸಲು ಯಾವ ವಾರದಲ್ಲೂ ಕಾನೂನಿನಲ್ಲಿ ಜಾಗವಿಲ್ಲ.

ಕೋರ್ಟಿಗೆ ಹೋಗಲೇಬೇಕಾದರೆ

ಮಂಡಳಿ ಒಪ್ಪದಿದ್ದಾಗ, ಅಥವಾ ನಿಮ್ಮ ಪರಿಸ್ಥಿತಿ ಕಾಯ್ದೆಯ ಬಾಗಿಲಿಗೆ ಹೊಂದದಿದ್ದಾಗ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕು. ದೆಹಲಿಯಲ್ಲಿದ್ದರೆ ದೆಹಲಿ ಹೈಕೋರ್ಟ್, ಊರಲ್ಲಿದ್ದರೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಇಂಥ ಅರ್ಜಿಯನ್ನು ತುರ್ತೆಂದು ವಕೀಲರು ಬೆಳಿಗ್ಗೆಯೇ ನ್ಯಾಯಾಧೀಶರ ಗಮನಕ್ಕೆ ತರಬಹುದು. 2023ರ ಆಗಸ್ಟ್‌ನಲ್ಲಿ ಗುಜರಾತಿನ ಅತ್ಯಾಚಾರ ಸಂತ್ರಸ್ತೆಯೊಬ್ಬರ ಅರ್ಜಿಯನ್ನು ಅಲ್ಲಿನ ಹೈಕೋರ್ಟ್ 12 ದಿನ ಮುಂದಕ್ಕೆ ಹಾಕಿದಾಗ, ಸುಪ್ರೀಂ ಕೋರ್ಟಿನ ನಾಗರತ್ನ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಶನಿವಾರ ವಿಶೇಷವಾಗಿ ಕೂತು ಆ ವಿಳಂಬವನ್ನು ಕಟುವಾಗಿ ಟೀಕಿಸಿತು, ಸೋಮವಾರ ಅನುಮತಿ ಕೊಟ್ಟಿತು. ಅರ್ಜಿಯಲ್ಲಿ ಹೆಸರಿನ ಬದಲು ‘ಎಕ್ಸ್’ ಎಂದು ಹಾಕಲು ಕೇಳಿ. ಎಲ್ಲ ಸ್ಕ್ಯಾನಿಂಗ್ ವರದಿಗಳು, ಮುಟ್ಟಿನ ತಾರೀಖು, ಆಸ್ಪತ್ರೆ ನಿರಾಕರಿಸಿದ ಪತ್ರ ಜೊತೆಗಿರಲಿ. ಮನೋವೈದ್ಯರ ಚಿಕಿತ್ಸೆಯಿದ್ದರೆ ಆ ಚೀಟಿಗಳನ್ನು ಬಚ್ಚಿಡಬೇಡಿ, ಅವೂ ಸಾಕ್ಷ್ಯವೇ. ಕೋರ್ಟು ಸಾಮಾನ್ಯವಾಗಿ ಮೊದಲು ಮಂಡಳಿಯ ವರದಿ ಕೇಳುತ್ತದೆ. ವರದಿ ಬರುವ ದಿನ ನೀವು ಊರು ಬಿಟ್ಟಿರಬಾರದು.

ಅತ್ಯಾಚಾರದ ಪ್ರಕರಣದಲ್ಲಿ ಪೊಲೀಸರ ಮೇಲೂ ಹೊಣೆಯಿದೆ. ವೈದ್ಯಕೀಯ ತಪಾಸಣೆಯ ದಿನವೇ ಗರ್ಭ ಪರೀಕ್ಷೆ ಮಾಡಿಸಬೇಕು, 24 ವಾರ ದಾಟಿದ್ದು ಅವಳು ಗರ್ಭಪಾತ ಬಯಸಿದರೆ ಅದೇ ದಿನ ಮಂಡಳಿಯ ಮುಂದೆ ಕರೆದೊಯ್ಯಬೇಕು ಎಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಸ್ವರಣ ಕಾಂತಾ ಶರ್ಮಾ 2023ರ ಜನವರಿಯಲ್ಲಿ ನಿರ್ದೇಶಿಸಿದ್ದಾರೆ. ಠಾಣೆಯಲ್ಲಿ ಇದನ್ನು ನೆನಪಿಸುವುದಕ್ಕೆ ಸಂಕೋಚ ಬೇಡ.

ವಕೀಲರಿಗೆ ಕೊಡಲು ಹಣವಿಲ್ಲವೆಂಬ ಕಾರಣಕ್ಕೆ ನಿಲ್ಲಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಯಾವ ಹೆಂಗಸಿಗಾದರೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ದೇಶದಾದ್ಯಂತ ಒಂದೇ ಸಹಾಯವಾಣಿ: 15100. ಫೋನ್ ಮಾಡಿದ ಕೂಡಲೇ ಮೊದಲ ಮಾತಿನಲ್ಲಿ ಎಷ್ಟು ವಾರ, ಎಷ್ಟು ದಿನ ಎಂಬುದನ್ನು ಹೇಳಿ.